ಆಮೆನ್ ಅನ್ನಬೇಕಾದವನು: ಆರಾಧನೆಯಲ್ಲಿ ಅನ್ಯಭಾಷೆಯ ಉದ್ದೇಶವನ್ನು ಕುರಿತು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಸಭಾಪಾಲನೆ ಮಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಭಾನುವಾರ ಬೆಳಿಗ್ಗೆ ನಮ್ಮ ದೇವಾಲಯದ ಬೆಂಚಿನಲ್ಲಿ ಕುಳಿತಿದ್ದ ಕುಟುಂಬವೇ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಪೇಟೆಯ ಬಾಡಿಗೆ ಮಹಡಿಯೊಂದಕ್ಕೆ ಹೋಗಿ ಬಂದಿರುತ್ತದೆ. ಅಲ್ಲಿ ಅವರನ್ನು ಕೇಳುತ್ತಾರೆ: “ಅಭಿಷೇಕ ಆಗಿದೆಯೇ? ಅನ್ಯಭಾಷೆ ಬಂದಿದೆಯೇ?” ಇಲ್ಲಿ ನಾವು ಕೇಳುತ್ತೇವೆ: “ಅಲ್ಲಿಗೇಕೆ ಹೋಗಿದ್ದಿರಿ?” ಮೊದಲನೆಯದು ಪರೀಕ್ಷೆಯ ಧ್ವನಿ, ಎರಡನೆಯದು ವಿಚಾರಣೆಯ ಧ್ವನಿ. ಇವೆರಡರ ನಡುವೆ ಅಪೊಸ್ತಲನಾದ ಪೌಲನು ಕೊರಿಂಥದವರ ಮುಂದಿಟ್ಟ ಪ್ರಶ್ನೆಯನ್ನು ಕೇಳುವವರೇ ಇಲ್ಲವಾಗಿದ್ದಾರೆ. ಸಭೆ ಕೂಡಿದಾಗ ಈ ನುಡಿಯಿಂದ ಪ್ರಯೋಜನ ಏನು, ಯಾರಿಗೆ ಪ್ರಯೋಜನ ಎಂಬುದೇ ಆ ಪ್ರಶ್ನೆ.

ಪದದಿಂದಲೇ ಆರಂಭಿಸುವುದು ಒಳ್ಳೆಯದು. ನಮ್ಮ ಜನರ ಬಾಯಲ್ಲಿರುವುದು ‘ಅನ್ಯಭಾಷೆ’. ನಮ್ಮಲ್ಲಿ ಬಹುಕಾಲದಿಂದ ಓದಲ್ಪಡುತ್ತಿರುವ ಸತ್ಯವೇದದಲ್ಲಾದರೋ ಪಂಚಾಶತ್ತಮ ದಿನದ ವೃತ್ತಾಂತದಲ್ಲಿ ‘ಭಾಷೆ’ ಎಂದಿದೆ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ‘ವಾಣಿ’ ಎಂದಿದೆ. ಮೂಲದಲ್ಲಿ ಎರಡೂ ಕಡೆ ಇರುವುದು ‘ಗ್ಲೋಸ್ಸ’ ಎಂಬ ಒಂದೇ ಪದ. ಅದಕ್ಕೆ ನಾಲಿಗೆ ಎಂದೂ ಭಾಷೆ ಎಂದೂ ಅರ್ಥ. ಭಾಷಾಂತರಕಾರರು ಎರಡು ಪದಗಳನ್ನು ಬಳಸಿದ್ದು ಅಜಾಗ್ರತೆಯಿಂದಲ್ಲವೆಂದು ನನ್ನ ಅಭಿಪ್ರಾಯ. ಯೆರೂಸಲೇಮಿನಲ್ಲಿ ಕೇಳಿದವರು ತಮ್ಮತಮ್ಮ ಹುಟ್ಟುಭಾಷೆಯನ್ನು ಗುರುತಿಸಿದರು. ಅಲ್ಲಿ ಅರ್ಥ ಹೇಳುವವನು ಬೇಕಾಗಲಿಲ್ಲ. ಕೊರಿಂಥದಲ್ಲಿ ಕೇಳಿದವರು ಯಾರೂ ಗ್ರಹಿಸಲಿಲ್ಲ. ಅಲ್ಲಿ ಅರ್ಥ ಹೇಳುವ ವರವೂ ಬೇಕಾಯಿತು. ‘ಅನ್ಯಭಾಷೆ’ ಎಂಬ ರೂಢಿಯ ಮಾತು ಈ ವ್ಯತ್ಯಾಸವನ್ನು ಅಳಿಸಿಹಾಕಿ, ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದ ಅಧಿಕಾರವನ್ನು ಕೊರಿಂಥದ ಅನುಭವಕ್ಕೆ ಸದ್ದಿಲ್ಲದೆ ವರ್ಗಾಯಿಸುತ್ತದೆ.

ಇನ್ನು, ವಾಣಿಯು ಪವಿತ್ರಾತ್ಮ ದೀಕ್ಷಾಸ್ನಾನದ ಪ್ರಥಮ ಗುರುತು ಎಂಬ ಬೋಧನೆ. ಇದು ಪುರಾತನ ಸಭೆಯಿಂದ ಬಂದದ್ದೆಂದು ನಮ್ಮ ಯುವಕರು ಭಾವಿಸಿರುತ್ತಾರೆ. ಇದು ಬೋಧನೆಯಾಗಿ ರೂಪುಗೊಂಡದ್ದು ಅಮೆರಿಕದ ಟೊಪೀಕಾದಲ್ಲಿ, ಚಾರ್ಲ್ಸ್ ಪಾರ್ಹಮನ ವೇದಪಾಠಶಾಲೆಯಲ್ಲಿ, 1901ರ ಹೊತ್ತಿಗೆ. ಆಗ ಅದಕ್ಕೆ ಇನ್ನೊಂದು ಅಂಗವೂ ಇತ್ತು: ದೇವರು ಕೊಡುವ ವಾಣಿಯು ಲೋಕದ ನಿಜವಾದ ಭಾಷೆ, ಅದನ್ನು ಪಡೆದ ಸೇವಕನು ವ್ಯಾಕರಣ ಕಲಿಯದೆ ಪರದೇಶದಲ್ಲಿ ಸುವಾರ್ತೆ ಸಾರಬಹುದು ಎಂದು ಪಾರ್ಹಮನು ಕಲಿಸಿದನು. ಈ ಭರವಸೆಯಿಂದ ಹೊರಟವರಲ್ಲಿ ಲಾಸ್ ಏಂಜಲೀಸಿನ ಅಜುಸಾ ಬೀದಿಯ ಉಜ್ಜೀವನದಲ್ಲಿ ಪಾಲ್ಗೊಂಡಿದ್ದ ಆಲ್ಫ್ರೆಡ್ ಗಾರ್ ಮತ್ತು ಲಿಲಿಯನ್ ಗಾರ್ ದಂಪತಿಗಳೂ ಇದ್ದರು. ತಮಗೆ ಬಂಗಾಳಿ ದೊರೆತಿದೆಯೆಂದು ನಂಬಿ ಅವರು ಕಲ್ಕತ್ತೆಗೆ ಬಂದರು. 1907ರ ಆರಂಭದಲ್ಲಿ ಅಲ್ಲಿ ಕೂಟಗಳನ್ನು ನಡೆಸುತ್ತಿದ್ದರು. ಬಂಗಾಳಿಗಳಿಗೆ ಅವರ ಮಾತು ತಿಳಿಯಲಿಲ್ಲ. ಗಾರ್ ಪ್ರಾಮಾಣಿಕನಾಗಿದ್ದನು, ತನ್ನ ನಿರೀಕ್ಷೆ ಸುಳ್ಳಾಯಿತೆಂದು ಒಪ್ಪಿಕೊಂಡನು. ಆದರೆ ವರವನ್ನು ಬಿಡಲಿಲ್ಲ. ವಾಣಿಯು ಸುವಾರ್ತೆಯ ಸಾಧನವಲ್ಲದಿದ್ದರೆ ಆತ್ಮಭರಿತನಾದುದರ ಗುರುತೂ ದೇವರೊಡನೆ ನಡೆಯುವ ಸಂಭಾಷಣೆಯೂ ಆಗಿರಬೇಕೆಂದು ಅದರ ಉದ್ದೇಶವನ್ನು ಬೇರೆಡೆಗೆ ಸಾಗಿಸಿದನು. ಇಂದು ನಮ್ಮ ತಾಲ್ಲೂಕುಗಳಲ್ಲಿ ಕೇಳಿಬರುವ ಬೋಧನೆಗೆ ರೂಪ ಸಿಕ್ಕಿದ್ದರಲ್ಲಿ ಕಲ್ಕತ್ತೆಯ ಆ ನಿರಾಶೆಗೂ ಪಾಲಿದೆ.

ಗೇಲಿ ಮಾಡುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಕನ್ನಡ ನಾಡಿಗೆ ಬಂದ ಸೇವಕರಿಗೆ ಭಾಷೆ ದೊರೆತದ್ದು ಬೆವರಿನಿಂದ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರು 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತರಲು ಎರಡು ದಶಕ ದುಡಿದರು. ಕಿಟೆಲ್ಲನ ನಿಘಂಟು 1894ರಲ್ಲಿ ಹೊರಬಂದಾಗ ಅದರ ಹಿಂದೆ ಒಂದು ಆಯುಷ್ಯದ ಶ್ರಮವಿತ್ತು. ದೇವರು ಈ ದಾರಿಯನ್ನು ಆರಿಸಿಕೊಂಡದ್ದರಲ್ಲಿ ಏನೋ ಅರ್ಥವಿರಬೇಕು.

ಗುರುತಿನ ಬೋಧನೆಗೆ ವೇದಾಧಾರ ಎಷ್ಟು? ಕೊರ್ನೇಲ್ಯನ ಮನೆಯಲ್ಲಿಯೂ ಎಫೆಸದಲ್ಲಿಯೂ ವಾಣಿ ಕೇಳಿಸಿತು, ನಿಜ. ಪಂಚಾಶತ್ತಮ ದಿನದಂದೇ ದೀಕ್ಷಾಸ್ನಾನ ಹೊಂದಿದ ಸುಮಾರು 3,000 ಮಂದಿ ವಾಣಿಯನ್ನಾಡಿದರೆಂದು ಲೂಕನು ಬರೆಯಲಿಲ್ಲ. ಸಮಾರ್ಯದವರ ಬಗ್ಗೆಯೂ ಬರೆಯಲಿಲ್ಲ. ಎಲ್ಲರೂ ವಾಣಿಯನ್ನಾಡುವರೋ ಎಂದು ಪೌಲನು 1 ಕೊರಿಂಥ 12:30ರಲ್ಲಿ ಕೇಳುವಾಗ ಗ್ರೀಕಿನ ವಾಕ್ಯರಚನೆಯೇ ‘ಇಲ್ಲ’ ಎಂಬ ಉತ್ತರವನ್ನು ನಿರೀಕ್ಷಿಸುತ್ತದೆ. ಅದು ಖಾಸಗಿ ಪ್ರಾರ್ಥನೆಗಲ್ಲ, ಸಭೆಯಲ್ಲಿನ ಸೇವೆಗೆ ಮಾತ್ರ ಸಂಬಂಧಿಸಿದೆ ಎಂಬ ಪ್ರತಿವಾದವನ್ನು ನಾನು ಬಲ್ಲೆ. ಹಾಗೆ ವಿಂಗಡಿಸಿದರೂ, ಒಂದು ವರವನ್ನು ಎಲ್ಲರಿಗೂ ಕಡ್ಡಾಯವಾದ ಅರ್ಹತಾಪತ್ರ ಮಾಡಲು ಆ ಅಧ್ಯಾಯದಲ್ಲಿ ಎಲ್ಲಿಯೂ ಅವಕಾಶವಿಲ್ಲ.

ಇಲ್ಲಿ ನಮ್ಮ ಪಶ್ಚಿಮ ಘಟ್ಟದಲ್ಲಿಯೇ ಹುಟ್ಟಿದ ಒಬ್ಬ ಸಾಕ್ಷಿಯನ್ನು ಕರೆಯಬೇಕು. ಪಂಡಿತಾ ರಮಾಬಾಯಿ 1858ರಲ್ಲಿ ಗಂಗಾಮೂಲದಲ್ಲಿ ಜನಿಸಿದರು. ತಂದೆಯ ಊರು ಕಾರ್ಕಳದ ಬಳಿಯ ಮಾಳ. ಪುಣೆಯ ಸಮೀಪ ಕೇಡಗಾಂವದ ಅವರ ಮುಕ್ತಿ ಸಂಸ್ಥೆಯಲ್ಲಿ 1905ರಲ್ಲಿ ಉಜ್ಜೀವನ ಉಂಟಾಯಿತು. ಮುಂದೆ ಅಲ್ಲಿನ ಹೆಣ್ಣುಮಕ್ಕಳು ವಾಣಿಯನ್ನಾಡಿದರು. ರಮಾಬಾಯಿ ಅದನ್ನು ತಡೆಯಲಿಲ್ಲ, ಟೀಕಿಸಿದವರ ಎದುರು ಆ ಹುಡುಗಿಯರ ಪಕ್ಷವಹಿಸಿದರು. ಆದರೂ ಅದು ಎಲ್ಲರಿಗೂ ಅವಶ್ಯವಾದ ಗುರುತೆಂದು ಒಪ್ಪಲಿಲ್ಲ. ಅದೇ ವರ್ಷಗಳಲ್ಲಿ, ಬದುಕಿನ ಕೊನೆಯವರೆಗೂ, ಅವರು ಇಬ್ರಿಯ ಗ್ರೀಕ್ ಮೂಲಗಳನ್ನು ಹರಡಿಕೊಂಡು ಸತ್ಯವೇದವನ್ನು ಮರಾಠಿಗೆ ಅನುವಾದಿಸುತ್ತ ಕುಳಿತಿದ್ದರು. ಮೊದಲಿದ್ದ ಅನುವಾದ ಪಂಡಿತರ ಮಾತಾಯಿತು, ಓದು ಬಾರದ ಹೆಂಗಸಿಗೆ ಅರ್ಥವಾಗುವಂಥದ್ದು ಬೇಕು ಎಂಬುದೇ ಅವರ ಹಟವಾಗಿತ್ತು. ಒಂದೇ ಆವರಣದಲ್ಲಿ ಅರ್ಥವಾಗದ ವಾಣಿಗೂ ಸ್ಥಳವಿತ್ತು, ಎಲ್ಲರಿಗೂ ಅರ್ಥವಾಗಬೇಕಾದ ವಚನಕ್ಕಾಗಿ ಹೋರಾಟವೂ ಇತ್ತು. ಅನ್ಯಭಾಷೆಯ ಬಗ್ಗೆ ಭಾರತದಲ್ಲಿ ಬರೆಯಲ್ಪಟ್ಟ ಪುಸ್ತಕಗಳಿಗಿಂತ ಈ ಎರಡು ಸಂಗತಿಗಳ ಸಾಮೀಪ್ಯವೇ ನನಗೆ ಹೆಚ್ಚು ಕಲಿಸಿದೆ.

ಎರಡನೆಯ ವಾದ ನಮ್ಮವರದ್ದು: ವರಗಳು ಅಪೊಸ್ತಲರೊಂದಿಗೆ ಮುಗಿದವು ಎಂಬುದು. ಇದನ್ನು ಬೇಗನೆ ದಾಟಿಹೋಗಬಹುದು. 1 ಕೊರಿಂಥ 13ರಲ್ಲಿ ವಾಣಿ ನಿಂತುಹೋಗುವುದು ಪೂರ್ಣವಾದದ್ದು ಬಂದಾಗ, ಮುಖಾಮುಖಿಯಾಗಿ ನೋಡುವಾಗ; ಅದನ್ನು ಹೊಸ ಒಡಂಬಡಿಕೆಯ ಪುಸ್ತಕಪಟ್ಟಿ ಸಿದ್ಧವಾದ ದಿನವೆಂದು ಓದುವುದು ಅಪೊಸ್ತಲನ ಮಾತಿಗೆ ಬಲಾತ್ಕಾರ. ಅಲ್ಲದೆ ಹಾಸನ ಸೀಮೆಯ ನಮ್ಮ ಸಭೆಗಳು ವೆಸ್ಲಿಯನ್ ಮಿಷನ್ನಿನ ಮಕ್ಕಳು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯ ಹೆಸರು ಇಂದಿಗೂ ಅದನ್ನು ನೆನಪಿಸುತ್ತದೆ. ಆ ವೆಸ್ಲಿ ಏನೆಂದನು? ಅದ್ಭುತ ವರಗಳೆಲ್ಲ ಎಂದೋ ನಿಂತವೆಂದು ವಾದಿಸಿದ ಕಾನ್ಯರ್ಸ್ ಮಿಡ್ಲ್‌ಟನ್ನನಿಗೆ 1749ರಲ್ಲಿ ಬರೆದ ಉತ್ತರದಲ್ಲಿ, ವಾಣಿಯ ಸುದ್ದಿ ಫ್ರಾನ್ಸಿನ ದೋಫಿನೆ ಕಣಿವೆಗಳಷ್ಟು ಹತ್ತಿರದಿಂದಲೇ ಬಂದಿದೆಯಲ್ಲ ಎಂದು ತೋರಿಸಿದನು. ಬೇರೆ ಕಡೆ, ವರಗಳು ವಿರಳವಾದದ್ದು ಸಭೆಯ ಪ್ರೀತಿ ತಣ್ಣಗಾದದ್ದರಿಂದ ಎಂದನು. ವೆಸ್ಲಿಯ ಮಕ್ಕಳು ಮಿಡ್ಲ್‌ಟನ್ನನ ವಾದವನ್ನು ಕಂಠಪಾಠ ಮಾಡಿ ಒಪ್ಪಿಸುವುದು ವಿಚಿತ್ರ.

ಹೀಗೆ ಎರಡು ವಾದಗಳೂ ನಿಲ್ಲದಿದ್ದರೆ ಉಳಿಯುವುದು 1 ಕೊರಿಂಥ 14. ಅಲ್ಲಿ ಪೌಲನು ವಾಣಿಯ ಮೂಲವನ್ನು ಪ್ರಶ್ನಿಸುವುದಿಲ್ಲ. ಅದು ಆತ್ಮನಿಂದ ಬಂದದ್ದೆಂದೇ ಒಪ್ಪಿಕೊಂಡು ಮಾತಾಡುತ್ತಾನೆ. ಅವನ ತಕ್ಕಡಿ ಬೇರೆ. ಸಭೆಯಲ್ಲಿ ಒಂದು ಸ್ಥಳವಿದೆ, ಅಲ್ಲಿ ಒಬ್ಬನು ಕುಳಿತಿದ್ದಾನೆ. ಹದಿನಾರನೆಯ ವಚನದಲ್ಲಿ ಅವನನ್ನು ‘ಇಡಿಯೋಟೇಸ್’ ಎಂದು ಕರೆದಿದೆ. ಒಂದು ವಿದ್ಯೆಯಲ್ಲಿ ಅಥವಾ ಕಸಬಿನಲ್ಲಿ ತರಬೇತಿ ಇಲ್ಲದ ಸಾಮಾನ್ಯನಿಗೆ ಗ್ರೀಕರು ಹೇಳುತ್ತಿದ್ದ ಮಾತು ಅದು. ನೀನು ಆತ್ಮದಿಂದ ಸ್ತೋತ್ರ ಮಾಡುವಾಗ ಇವನು ಆಮೆನ್ ಅನ್ನುವುದು ಹೇಗೆ ಎಂದು ಪೌಲನು ಕೇಳುತ್ತಾನೆ. ಆಮೆನ್ ಎಂಬುದು ಪ್ರಾರ್ಥನೆ ಮುಗಿಯಿತೆಂಬ ಸೂಚನೆ ಅಲ್ಲ. ಆ ಪ್ರಾರ್ಥನೆ ನನ್ನದೂ ಹೌದು ಎಂದು ಹಾಕುವ ಹೆಬ್ಬೆಟ್ಟಿನ ಗುರುತು ಅದು. ಬರೆದದ್ದೇನೆಂದು ತಿಳಿಸದೆ ಬಡವನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಏನಾಗುತ್ತದೆಂಬುದು ನಮ್ಮ ಜನರಿಗೆ ಜಮೀನಿನ ಪತ್ರಗಳ ಅನುಭವದಿಂದ ಚೆನ್ನಾಗಿ ಗೊತ್ತು. ಪೌಲನು ಆರಾಧನೆಯಲ್ಲಿ ಅಂಥದ್ದನ್ನು ಒಪ್ಪುವುದಿಲ್ಲ. ತಾನು ಅವರೆಲ್ಲರಿಗಿಂತ ಹೆಚ್ಚು ವಾಣಿಗಳನ್ನಾಡುತ್ತೇನೆಂದು ಹೇಳಿಕೊಂಡ ಉಸಿರಿನಲ್ಲಿಯೇ, ಸಭೆಯಲ್ಲಿ ಅಂಥ ಹತ್ತು ಸಾವಿರ ಮಾತುಗಳಿಗಿಂತ ಬುದ್ಧಿಪೂರ್ವಕವಾದ ಐದು ಮಾತು ಮೇಲೆನ್ನುತ್ತಾನೆ.

ಇದೇ ಅಧ್ಯಾಯದ 22ನೆಯ ವಚನವೇ ಬಯಲು ಕೂಟಗಳಲ್ಲಿ ಧ್ವನಿವರ್ಧಕದ ಮುಂದೆ ವಾಣಿಯನ್ನಾಡುವವರ ಮುಖ್ಯ ಆಧಾರ: ವಾಣಿಯು ನಂಬದವರಿಗೆ ಸೂಚನೆ, ಆದ್ದರಿಂದ ಊರೆಲ್ಲ ಕೇಳಲಿ. ಆದರೆ ಮುಂದಿನ ವಚನದಲ್ಲಿಯೇ ಪೌಲನು, ನಂಬದವರು ಒಳಗೆ ಬಂದು ಇದನ್ನು ಕೇಳಿದರೆ ನಿಮಗೆ ಹುಚ್ಚು ಹಿಡಿದಿದೆ ಅನ್ನುವುದಿಲ್ಲವೇ ಎನ್ನುತ್ತಾನೆ. ಒಂದು ವಚನ ಇನ್ನೊಂದಕ್ಕೆ ಎದುರಾಗಿ ನಿಂತಂತೆ ಕಾಣುತ್ತದೆ. ಬೀಗದ ಕೈ ಇರುವುದು 21ನೆಯ ವಚನದ ಉದ್ಧರಣೆಯಲ್ಲಿ, ಅಂದರೆ ಯೆಶಾಯ 28ರಲ್ಲಿ. ಪ್ರವಾದಿಯ ಸರಳ ಮಾತನ್ನು ಯೆರೂಸಲೇಮಿನ ಕುಡುಕ ಯಾಜಕರು ಮಕ್ಕಳ ತೊದಲಿನಂತೆ, “ತ್ಸವ್ ಲತ್ಸವ್, ಕವ್ ಲಕವ್” ಎಂದು ಅಣಕಿಸಿದರು. ಹಾಗಾದರೆ ದೇವರು ತೊದಲಿನಂತೆಯೇ ಕೇಳುವ ಅಶ್ಶೂರ್ಯರ ನುಡಿಯಿಂದ ನಿಮ್ಮೊಡನೆ ಮಾತಾಡುವನು ಎಂಬುದೇ ಪ್ರವಾದಿಯ ಉತ್ತರ. ಅರ್ಥವಾಗದ ನುಡಿ ಅಲ್ಲಿ ನ್ಯಾಯತೀರ್ಪಿನ ಸೂಚನೆ. ದೇವರ ಮಾತು ಮುಚ್ಚಿಹೋಯಿತೆಂಬುದರ ಗುರುತು. ಅರ್ಥ ಹೇಳದ ವಾಣಿಯನ್ನು ಹೊರಗಿನವನ ಮುಂದೆ ಆಡುವ ಸಭೆ ತಿಳಿಯದೆಯೇ ಅವನಿಗೆ ಬಾಗಿಲು ಹಾಕುತ್ತದೆ. ಪ್ರವಾದನೆಯಾದರೋ ಅವನ ಹೃದಯದ ಗುಟ್ಟನ್ನು ಬೆಳಕಿಗೆ ತಂದು, ಅಡ್ಡಬಿದ್ದು ದೇವರನ್ನು ಒಪ್ಪಿಕೊಳ್ಳುವಂತೆ ಮಾಡುತ್ತದೆ. ಹೀಗೆ ಓದಿದರೆ 22ರಿಂದ 25ರವರೆಗಿನ ವಚನಗಳು ಒಂದೇ ವಾದವಾಗಿ ಕೂಡಿಕೊಳ್ಳುತ್ತವೆ. ಇಲ್ಲಿ ಭಿನ್ನಾಭಿಪ್ರಾಯ ಇರುವ ವ್ಯಾಖ್ಯಾನಕಾರರಿದ್ದಾರೆ. ಆದರೆ 22ನೆಯ ವಚನವನ್ನು ಬಯಲು ಕೂಟದ ಸನ್ನದಾಗಿ ಮಾಡಲು ಉಳಿದ ಮೂರು ವಚನಗಳನ್ನು ಕತ್ತರಿಸಿ ಬಿಸಾಡಬೇಕಾಗುತ್ತದೆ.

‘ಹುಚ್ಚು’ ಎಂದು ಭಾಷಾಂತರವಾದ ಕ್ರಿಯಾಪದವೂ ನಮ್ಮ ಸೀಮೆಯಲ್ಲಿ ವಿಶೇಷ ಗಮನಕ್ಕೆ ಅರ್ಹ. ಗ್ರೀಕರಲ್ಲಿ ಅದು ದೇವತೆ ಆವರಿಸಿದ ಉನ್ಮಾದಕ್ಕೂ ಸಲ್ಲುತ್ತಿತ್ತು. ಕೊರಿಂಥದ ಹೊರಗಿನವನು ವೈದ್ಯನ ಅರ್ಥದಲ್ಲಿ ಹುಚ್ಚೆನ್ನುವುದಕ್ಕಿಂತ, “ಓ, ಇವರಿಗೂ ಬರುತ್ತದೆ” ಎಂದು ತಲೆಯಾಡಿಸಿ ಹೋಗುವ ಸಂಭವವೇ ಹೆಚ್ಚು. ಅರಕಲಗೂಡಿನ ಹಳ್ಳಿಯವನು ನಮ್ಮ ಕೂಟದ ಬಾಗಿಲಲ್ಲಿ ನಿಂತರೆ ಅವನಿಗೂ ಹೊಳೆಯುವುದು ಅದೇ: ಮೈಮೇಲೆ ಬಂದಿದೆ. ಊರಹಬ್ಬದಲ್ಲಿ ಅವನು ಕಂಡದ್ದಕ್ಕೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರಬೇಕಾದದ್ದು ಮಾತಿನಲ್ಲಿ. 12ನೆಯ ಅಧ್ಯಾಯದ ಆರಂಭದಲ್ಲಿಯೇ ಪೌಲನು ಇಟ್ಟ ಪರೀಕ್ಷೆ ಯೇಸುವೇ ಕರ್ತನೆಂಬ, ಎಲ್ಲರಿಗೂ ತಿಳಿಯುವ ಅರಿಕೆ. ಇನ್ನೂ ಒಂದು ಮಾತು. ಮೈಮೇಲೆ ಬಂದವರ ಎದುರು ಊರವರು ಸುಮ್ಮನೆ ನಿಲ್ಲುವುದಿಲ್ಲ. ಯಾರು ನೀನು, ಏನು ಬೇಕು, ಬಿಡಿಸಿ ಹೇಳು ಎಂದು ಕೇಳುತ್ತಾರೆ. ಅರ್ಥ ಕೇಳುವ ಆ ಧೈರ್ಯ ನಮ್ಮ ಸಭೆಗಳಲ್ಲಿ ಇಲ್ಲದಿರುವುದು ನಾಚಿಕೆಯ ಸಂಗತಿ.

ನಮ್ಮ ನೆರೆಯವರಿಂದ ಇನ್ನೊಂದನ್ನೂ ಕೇಳಿ ತಿಳಿಯಬಹುದು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವಿದೆ. ದಿಗಂಬರ ಜೈನರ ಪರಂಪರೆಯಲ್ಲಿ ತೀರ್ಥಂಕರನ ದಿವ್ಯಧ್ವನಿ ಎಂಬ ಕಲ್ಪನೆ ಉಂಟು. ಅದನ್ನು ಗ್ರಹಿಸಿ ಜನರಿಗೆ ತಿಳಿಸುವವನು ಗಣಧರ. ಮಹಾವೀರನಿಗೆ ಕೇವಲಜ್ಞಾನವಾದ ಮೇಲೂ ತಕ್ಕ ಗಣಧರನಿಲ್ಲದ್ದರಿಂದ 66 ದಿನ ಆ ಧ್ವನಿ ಹೊರಡಲಿಲ್ಲ, ಇಂದ್ರಭೂತಿ ಗೌತಮನು ಬಂದ ಮೇಲೆಯೇ ಹೊರಟಿತು ಎಂದು ಅವರು ಹೇಳುತ್ತಾರೆ. ಅವರ ಸಿದ್ಧಾಂತ ಬೇರೆ, ನಮ್ಮದು ಬೇರೆ; ಕಲಸುವುದು ಸಲ್ಲದು. ಆದರೂ ಅರ್ಥ ಹೇಳುವವನಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಲಿ ಎಂಬ 28ನೆಯ ವಚನವನ್ನು ಈ ನೆರೆಹೊರೆಯಲ್ಲಿ ಪ್ರಸಂಗಿಸುವವನಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗಲಾರದು.

ಅದೇ ವಚನಕ್ಕೆ ಸಂಬಂಧಿಸಿ ನಮ್ಮ ಕೂಟಗಳಲ್ಲಿ ಒಂದು ಅಸಂಗತಿ ಇದೆ. ಕೇರಳದಿಂದ ಬಂದ ಪ್ರಸಂಗಿ ವೇದಿಕೆಯೇರಿದರೆ ಪಕ್ಕದಲ್ಲಿ ಇನ್ನೊಂದು ಮೈಕ್ ಹಿಡಿದು ಅನುವಾದಕ ನಿಲ್ಲುತ್ತಾನೆ. ವಾಕ್ಯಕ್ಕೆ ವಾಕ್ಯ ಕನ್ನಡವಾಗುತ್ತದೆ. ಅನುವಾದಕ ಬರದಿದ್ದರೆ ಕೂಟವನ್ನೇ ತಡಮಾಡುತ್ತಾರೆ. ಅರ್ಧ ಗಂಟೆಯ ಬಳಿಕ ಅದೇ ಪ್ರಸಂಗಿ ವಾಣಿಯನ್ನಾಡತೊಡಗಿದಾಗ ಅನುವಾದಕನು ಮೈಕ್ ಕೆಳಗಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಾನೆ. ಮನುಷ್ಯನ ಮಾತಿಗೆ ಅರ್ಥ ಬೇಕು, ಆತ್ಮನ ಮಾತಿಗೆ ಬೇಡ ಎಂಬಂತಾಯಿತಲ್ಲ!

ಇಷ್ಟು ಬರೆದ ಮೇಲೆ ಲೇಖನಿ ಕೆಳಗಿಡಬಹುದಾಗಿತ್ತು. ಬಹಳ ವರ್ಷ ನಾನೂ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ವಾಣಿಯನ್ನಾಡುವುದಕ್ಕೆ ಅಡ್ಡಿಮಾಡಬೇಡಿರಿ ಎಂಬ ಅಪ್ಪಣೆಯಿದೆ. ಅದನ್ನು ನಾನು ಮೀರಿದ್ದೇನೆ. ಹಿಂದೆ ಪಾಲಕನಾಗಿದ್ದ ಸಭೆಯೊಂದರಲ್ಲಿ, ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಕೂಲಿ ಮಾಡುತ್ತಿದ್ದ ವಿಧವೆಯೊಬ್ಬರು ಇದ್ದರು. ಮನೆಪ್ರಾರ್ಥನೆಗಳಲ್ಲಿ ಎಂದೂ ಬಾಯಿಬಿಟ್ಟು ಪ್ರಾರ್ಥಿಸಿದವರಲ್ಲ. ಒಂದು ಸಂಜೆ ಮೂಲೆಯಲ್ಲಿ ಕುಳಿತಲ್ಲಿಯೇ ಅವರಿಂದ ಅಕ್ಷರ ಜೋಡಣೆಯಿಲ್ಲದ ನುಡಿ ಹೊರಟಿತು, ಗಟ್ಟಿಯಾಗಿಯೂ ಅಲ್ಲ. ಮಾರನೆಯ ದಿನ ನಾನು ಅವರ ಮನೆಗೆ ಹೋಗಿ, “ಇದೆಲ್ಲ ನಮ್ಮ ಸಭೆಯಲ್ಲಿ ಬೇಡಮ್ಮ” ಎಂದೆ. ಅವರು ಹೇಳಿದರು: “ಅಯ್ಯನೋರೆ, ನಿಮ್ಮಂಗೆ ನಂಗೆ ಮಾತು ಕಟ್ಟಾಕೆ ಬರಾಕಿಲ್ಲ. ಅಳೋದೊಂದು ಗೊತ್ತಿತ್ತು, ಈಗ ಇದೊಂದು ಬತ್ತದೆ.” ಆ ಮೇಲೆ ಅವರು ಮನೆಪ್ರಾರ್ಥನೆಗೆ ಬರಲಿಲ್ಲ. ಭಾನುವಾರ ತಪ್ಪದೆ ಬಂದು, ಸುಮ್ಮನೆ ಕುಳಿತು, ಸುಮ್ಮನೆ ಹೋಗುತ್ತಿದ್ದರು.

ಪೌಲನು ವಾಣಿಗೆ ಕೊಟ್ಟ ಎರಡನೆಯ ಸ್ಥಾನವನ್ನು ನಾನು ಆ ಹೆಂಗಸಿಗೆ ಕೊಡಲಿಲ್ಲ. ವಾಣಿಯನ್ನಾಡುವವನು ದೇವರ ಸಂಗಡ ಮಾತಾಡುತ್ತಾನೆ, ತನಗೇ ಭಕ್ತಿವೃದ್ಧಿ ಉಂಟುಮಾಡಿಕೊಳ್ಳುತ್ತಾನೆ ಎಂದು ಅವನು ಹೇಳಿದ್ದನ್ನು ನಾವು ನಿಂದೆಯಂತೆ ಓದುತ್ತೇವೆ. ಅದು ನಿಂದೆಯಲ್ಲ, ಭಕ್ತಿವೃದ್ಧಿ ಬೇಕಾದವರು ಸಭೆಯಲ್ಲಿದ್ದಾರೆ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರ ಪರವಾಗಿ ಆತ್ಮನು ಮಾತಿಗೆ ಸಿಕ್ಕದ ನರಳಾಟದಿಂದ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದವನೂ ಅವನೇ. ಭಾಷಾಶಾಸ್ತ್ರಜ್ಞ ವಿಲಿಯಂ ಸಮಾರಿನ್ 1972ರ ತನ್ನ ಅಧ್ಯಯನದಲ್ಲಿ, ಇಂಥ ನುಡಿಯಲ್ಲಿ ವ್ಯಾಕರಣವಿಲ್ಲ, ಅದರ ಧ್ವನಿಗಳೆಲ್ಲ ಆಡುವವನು ಮೊದಲೇ ಬಲ್ಲ ಭಾಷೆಗಳಿಂದ ಬಂದವು ಎಂದು ತೋರಿಸಿದಾಗ ಹಲವರು ಇದರ ಕಥೆ ಮುಗಿಯಿತೆಂದುಕೊಂಡರು. ನನಗೆ ಹಾಗೆ ತೋರುವುದಿಲ್ಲ. ವ್ಯಾಕರಣವಿಲ್ಲದ ನುಡಿಗೆ ಮನುಷ್ಯರ ನಡುವೆಯೇ ಕೆಲಸವಿದೆ. ವರಗಳ ಕಾಲ ಮುಗಿಯಿತೆನ್ನುವವರು ಸಾಕ್ಷಿಯಾಗಿ ತರುವ ಅಗಸ್ಟಿನನೇ ಕೀರ್ತನೆಯ ವ್ಯಾಖ್ಯಾನವೊಂದರಲ್ಲಿ, ಸುಗ್ಗಿಯಲ್ಲಿ ದುಡಿಯುವವರು ಹಾಡಿನ ಮಾತುಗಳಿಂದ ಆರಂಭಿಸಿ, ಸಂತೋಷ ಉಕ್ಕಿದಾಗ ಮಾತನ್ನು ಬಿಟ್ಟು ಬರಿಯ ಧ್ವನಿಗೆ ಹೊರಳುವುದನ್ನು ವರ್ಣಿಸಿ, ಮಾತಿಗೆ ಮೀರಿದ ದೇವರನ್ನು ಹೊಗಳಲು ಅದೇ ತಕ್ಕದ್ದೆನ್ನುತ್ತಾನೆ. ಹೇಮಾವತಿಯ ಬಯಲಿನಲ್ಲಿ ನಾಟಿ ಹಾಕುವ ಹೆಂಗಸರ ‘ತಂದಾನ’ಗಳನ್ನು ಕೇಳಿದವರಿಗೆ ಅಗಸ್ಟಿನನಿಗೆ ಟಿಪ್ಪಣಿ ಬೇಕಾಗಿಲ್ಲ.

ಇನ್ನು ಆಮೆನ್ ಅನ್ನಬೇಕಾದವನನ್ನು ನಮ್ಮ ಕಡೆಗೂ ತಿರುಗಿಸಬೇಕು. ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರು ನುಗ್ಗಿ ಹೊರಡುವ ಆ ಪಾಳು ದೇವಾಲಯವನ್ನು ನೋಡಲು ಹೋದಾಗಲೆಲ್ಲ ನನಗೆ ಅನ್ನಿಸುತ್ತದೆ: ಅಲ್ಲಿ ತಲೆಮಾರುಗಳ ಕಾಲ ಬಲಿಪೂಜೆ ಲತೀನಿನಲ್ಲಿ ನಡೆಯಿತು. ಎರಡನೆಯ ವ್ಯಾಟಿಕನ್ ಸಮ್ಮೇಳನವು 1963ರ ಡಿಸೆಂಬರಿನಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯುವವರೆಗೆ ಆ ರೈತರು ತಮಗೆ ತಿಳಿಯದ ಮಾತಿಗೆ ಆಮೆನ್ ಅಂದರು. ಪ್ರೊಟೆಸ್ಟಂಟರಾದ ನಾವು ಇದನ್ನು ಕೇಳಿ ಹೆಮ್ಮೆಪಡುವ ಮುನ್ನ ನಮ್ಮ ಆರಾಧನಾ ಕ್ರಮವನ್ನು ಅರಕಲಗೂಡಿನ ಒಂದು ಹಳ್ಳಿಯಲ್ಲಿ ಗಟ್ಟಿಯಾಗಿ ಓದಿ ನೋಡಬೇಕು. ನೀತಿನಿರ್ಣಯ, ಪ್ರಾಯಶ್ಚಿತ್ತ, ಸಾಯುಜ್ಯ ಎಂಬ ಸಂಸ್ಕೃತ ಪದಗಳನ್ನು ಹೊತ್ತ ನಾಲ್ಕು ಸಾಲಿನ ವಾಕ್ಯಗಳನ್ನು ನಾವು ಒಂದೇ ಧಾಟಿಯಲ್ಲಿ ಓದಿ ಮುಗಿಸುತ್ತೇವೆ; ಜನರು ನಮ್ಮ ಸ್ವರ ಇಳಿದದ್ದನ್ನು ಗುರುತಿಸಿ ಆಮೆನ್ ಅನ್ನುತ್ತಾರೆ. ನಾನೇ ಒಂದು ಸಲ ವಿಜ್ಞಾಪನೆಯ ಮಧ್ಯದಲ್ಲಿ ಕೆಮ್ಮು ಬಂದು ಸ್ವರ ಇಳಿಸಿದಾಗ ಇಡೀ ಸಭೆ ಆಮೆನ್ ಅಂದಿತು. ಅಂದು ನಾನಾಡುತ್ತಿದ್ದದ್ದೂ ಅರ್ಥ ಹೇಳದ ವಾಣಿಯೇ. ಶುಕ್ರವಾರದ ಮಹಡಿಗೆ ಹೋಗುವವರು ಅಲ್ಲಿನ ಅನ್ಯಭಾಷೆಗಾಗಿಯೇ ಹೋಗುತ್ತಾರೆಂದು ನಾವು ಭಾವಿಸಿದ್ದೇವೆ. ನಾನು ಕೇಳಿದವರಲ್ಲಿ ಹೆಚ್ಚಿನವರು ಹೇಳಿದ್ದು ಬೇರೆ: ಅಲ್ಲಿ ನಮ್ಮ ಹೆಸರು ಹಿಡಿದು, ನಮ್ಮ ಮಾತಿನಲ್ಲಿ, ನಮ್ಮ ಸಾಲ ಮತ್ತು ಕಾಯಿಲೆಗಾಗಿ ಪ್ರಾರ್ಥಿಸುತ್ತಾರೆ.

ಈಗ ನಾನಿರುವ ಸಭೆಯಲ್ಲಿ ಎರಡು ಬದಲಾವಣೆಗಳಾಗಿವೆ. ವಿಜ್ಞಾಪನಾ ಪ್ರಾರ್ಥನೆಯನ್ನು ಪುಸ್ತಕದಿಂದ ಓದುವ ಬದಲು ಸಭೆಯವರೊಬ್ಬರು ಆಡುಮಾತಿನಲ್ಲಿ ಮಾಡುತ್ತಾರೆ; ಕೆಲವೊಮ್ಮೆ ಅದು ಉದ್ದವಾಗುತ್ತದೆ, ಹಿರಿಯರಿಗೆ ಅಸಮಾಧಾನವೂ ಇದೆ. ಅದಕ್ಕೆ ಮುಂಚೆ ಕೆಲವು ನಿಮಿಷ ಮೌನವಿರುತ್ತದೆ. ಯಾರಿಗಾದರೂ ವಾಣಿ ಬರುವುದಾದರೆ ಅದನ್ನು ತಡೆಯುವುದಿಲ್ಲ, ಗಟ್ಟಿಯಾಗಿ ಆಡಬೇಡಿರಿ, ನಿಮ್ಮಷ್ಟಕ್ಕೆ ದೇವರ ಸಂಗಡ ಆಡಿರಿ ಎಂದು ಆರಂಭದಲ್ಲಿಯೇ ಹೇಳಿದ್ದೇನೆ. ಗಟ್ಟಿಯಾಗಿ ಆಡಿ ಅರ್ಥ ಹೇಳುವವರು ಇನ್ನೂ ಯಾರೂ ಬಂದಿಲ್ಲ. ಬಂದರೆ ಇಬ್ಬರು ಮೂವರು, ಒಬ್ಬರ ಬಳಿಕ ಒಬ್ಬರು ಎಂಬ ಅಪೊಸ್ತಲನ ನಿಯಮವನ್ನು ಹೇಗೆ ನಡೆಸಬೇಕೆಂಬುದನ್ನು ಸಭಾಮಂಡಳಿಯಲ್ಲಿ ಕೂತು ಗೊತ್ತುಮಾಡಬೇಕಾಗಿದೆ. ಸದ್ಯಕ್ಕೆ ಆ ಮೌನದ ಹೊತ್ತಿನಲ್ಲಿ ಹಿಂದಿನ ಸಾಲಿನ ಕೆಲವರ ತುಟಿಗಳು ಅಲುಗುತ್ತಿರುವುದು ಪೀಠದಿಂದ ಕಾಣುತ್ತದೆ.